ಕೆಟ್ಟ ಕಂಪ್ಯೂಟರ್ ಬಿಚ್ಚಲು ಮಕ್ಕಳಿಗೆ ಅನುಮತಿ ಕೊಡಿ

ಅಪರ ಆಯುಕ್ತರು, ಶಾಲಾ ಶಿಕ್ಷಣ ಇಲಾಖೆ, ಧಾರವಾಡ ಇವರಿಗೆ

ಮಾನ್ಯರೆ,

ನಾನು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವವನು. ಶಾಲೆಗಳಿಂದ ಕರೆ ಬಂದರೆ ಅಲ್ಲಿಗೂ ಹೋಗುತ್ತೇನೆ. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಮತ್ತು ಸುತ್ತಲಿನ ಹಳ್ಳಿಗಳ ಎಷ್ಟೋ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂದು ಕೋಣೆಗೆ ಸದಾ ಬೀಗ. ಒಳಗೆ ಧೂಳು ಹಿಡಿದ ಮಾನಿಟರ್, ಬ್ಯಾಟರಿ ಉಬ್ಬಿದ ಯುಪಿಎಸ್, ಸಾಲಾಗಿ ಕೂಡಿಸಿಟ್ಟ ಸಿಪಿಯುಗಳು. 2001ರ ಸುಮಾರಿಗೆ ಮಾಹಿತಿ ಸಿಂಧು ಯೋಜನೆ ರಾಜ್ಯದ ಸಾವಿರ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ತಂದಿತು. ಆಮೇಲೆ ಐಸಿಟಿ ಯೋಜನೆಯ ಹಂತಗಳು ಬಂದವು. ಗುತ್ತಿಗೆ ಮುಗಿದಾಗ ಬೋಧಕರು ಹೋದರು, ಯಂತ್ರಗಳು ದಾಸ್ತಾನು ಪುಸ್ತಕದಲ್ಲಿ ಉಳಿದವು. ಇದಕ್ಕೆ ಮುಖ್ಯೋಪಾಧ್ಯಾಯರನ್ನು ದೂರಲಾರೆ. ಆಡಿಟ್‌ನವರು ಬಂದಾಗ ಎಣಿಕೆ ತಪ್ಪಿದರೆ ಉತ್ತರ ಕೊಡಬೇಕಾದವರು ಅವರೇ.

ನನ್ನ ಬೇಡಿಕೆ ಒಂದೇ. ದಾಸ್ತಾನಿನಿಂದ ತೆಗೆಯಬೇಕಾದ ಕಂಪ್ಯೂಟರುಗಳಲ್ಲಿ ಒಂದೆರಡನ್ನು ಮಕ್ಕಳು ಬಿಚ್ಚಿ ನೋಡಲೆಂದೇ ಪ್ರತಿ ಶಾಲೆ ಇಟ್ಟುಕೊಳ್ಳಬಹುದು ಎಂದು ಸುತ್ತೋಲೆ ಹೊರಡಿಸಿ.

ಯಾಕೆ ಎಂದು ಕೇಳಬಹುದು. "ಇಂಟರ್‌ನೆಟ್ ಬರೂದಿಲ್ರೀ, ಕೆಟ್ಟೈತಿ" ಎಂದು ಮೂಲೆಗಿಟ್ಟ ಸಿಪಿಯು ಎಷ್ಟೋ ಸಲ ಕೆಟ್ಟೇ ಇರುವುದಿಲ್ಲ. ಆನ್ ಮಾಡಿ ತಾರೀಕು ನೋಡಿದರೆ ಅದು ಹತ್ತು ಹದಿನೈದು ವರ್ಷ ಹಿಂದೆ ನಿಂತಿರುತ್ತದೆ. ಮದರ್‌ಬೋರ್ಡಿನ ಮೇಲೆ ನಾಣ್ಯದ ಗಾತ್ರದ ಒಂದು ಬ್ಯಾಟರಿ ಇದೆ. ಹೆಸರು ಸಿಆರ್2032, 3 ವೋಲ್ಟಿನದು. ಕರೆಂಟ್ ಇಲ್ಲದಾಗಲೂ ಗಡಿಯಾರ ನಡೆಸುವುದು ಅದೇ. ಅದು ಸತ್ತರೆ ಕಂಪ್ಯೂಟರು ಬೋರ್ಡ್ ತಯಾರಾದ ಕಾಲಕ್ಕೆ ಮರಳುತ್ತದೆ. ವೆಬ್‌ಸೈಟುಗಳ ಭದ್ರತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದಲ್ಲ, ಇನ್ನೂ 2012 ನಡೆದಿದೆ ಎಂದು ತಿಳಿದ ಯಂತ್ರಕ್ಕೆ ಆ ಅವಧಿ ಶುರುವೇ ಆಗಿರುವುದಿಲ್ಲ. ಹೀಗಾಗಿ ಯಾವ ಸೈಟೂ ಸುರಕ್ಷಿತವಲ್ಲ ಎನ್ನುತ್ತದೆ. ಕೆಲವೇ ರೂಪಾಯಿಗಳ ಈ ಬ್ಯಾಟರಿಯನ್ನು ಒಂಬತ್ತನೇ ಇಯತ್ತೆಯ ಹುಡುಗಿ ತನ್ನ ಕೈಯಾರೆ ಬದಲಿಸಲಿ, ತಾರೀಕು ಸರಿಮಾಡಲಿ, ಸೈಟು ತೆರೆಯುವುದನ್ನು ನೋಡಲಿ. ಹಾರ್ಡ್‌ವೇರ್ ಎಲ್ಲಿ ಮುಗಿದು ಸಾಫ್ಟ್‌ವೇರ್ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಆಮೇಲೆ ಅವಳಿಗೆ ಯಾರೂ ಬಾಯಿಪಾಠ ಮಾಡಿಸಬೇಕಾಗಿಲ್ಲ.

ರ‍್ಯಾಮ್ ಕೂಡ ಹಾಗೇ. ಆನ್ ಮಾಡಿದರೆ ಬರೀ ಬೀಪ್, ಪರದೆ ಕಪ್ಪು. ರ‍್ಯಾಮ್ ಹೊರತೆಗೆದು ಅದರ ಬಂಗಾರ ಬಣ್ಣದ ಅಂಚಿನ ಕೊಳೆಯನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಒತ್ತಿದರೆ ಬಹಳ ಸಲ ಯಂತ್ರ ಏಳುತ್ತದೆ. ಮುಂದೆ ಹತ್ತನೇ ಇಯತ್ತೆಯಲ್ಲಿ ಬರುವ ವಿದ್ಯುಚ್ಛಕ್ತಿ ಪಾಠದ ರೋಧ ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಗೊತ್ತಿಲ್ಲ.

ಈಗ ಎಲ್ಲರ ಬಾಯಲ್ಲೂ ಎಐ. ಶಾಲೆಗಳಲ್ಲಿ ಕಾರ್ಯಾಗಾರಗಳೂ ಆಗುತ್ತವೆ: ಪ್ರೊಜೆಕ್ಟರ್, ರೋಬೋಟ್ ಚಿತ್ರ, ಕೊನೆಗೆ ಸರ್ಟಿಫಿಕೇಟ್ ಮತ್ತು ಗ್ರೂಪ್ ಫೋಟೊ. ರ‍್ಯಾಮ್ ಮತ್ತು ಪ್ರೊಸೆಸರ್ ಮುಟ್ಟಿ ನೋಡಿದ ಹುಡುಗನಿಗೆ ಎಐ ಏನೆಂಬುದನ್ನು ಬೇರೆ ರೀತಿ ಹೇಳಬಹುದು. ನೀನು ಕೇಳಿದ ಪ್ರಶ್ನೆಗೆ ಒಂದೊಂದು ಪದ ಹೊಂದಿಸಲು ಆ ಯಂತ್ರ ಕೋಟ್ಯಂತರ ಗುಣಾಕಾರ, ಕೂಡಿಸುವ ಲೆಕ್ಕ ಮಾಡುತ್ತದೆ. ಪ್ರತಿ ಲೆಕ್ಕಕ್ಕೂ ಅಂಕಿಗಳು ಮೆಮೊರಿಯಿಂದ ಪ್ರೊಸೆಸರಿಗೆ ಬರಬೇಕು. ತಡವಾಗುವುದು ಬಹಳಮಟ್ಟಿಗೆ ಆ ಓಡಾಟದಲ್ಲೇ. ವಿಡಿಯೊ ಗೇಮ್ ಚಿತ್ರಗಳಿಗಾಗಿ ಹುಟ್ಟಿದ ಜಿಪಿಯು ಎಂಬ ಚಿಪ್ ಸಾವಿರಾರು ಸಣ್ಣ ಲೆಕ್ಕಗಳನ್ನು ಒಟ್ಟಿಗೇ ಮಾಡುತ್ತದೆ, ಅದಕ್ಕೇ ಎಐಗೆ ಒದಗಿತು. 1971ರ ಇಂಟೆಲ್ 4004 ಚಿಪ್‌ನಲ್ಲಿದ್ದ ಟ್ರಾನ್ಸಿಸ್ಟರುಗಳು ಸುಮಾರು 2,300. 2022ರ ಎನ್‌ವಿಡಿಯಾ ಎಚ್100 ಜಿಪಿಯುದಲ್ಲಿ ಇರುವುದು 8,000 ಕೋಟಿ. ಅಷ್ಟು ಕೆಲಸ ನಡೆದಲ್ಲಿ ಬಿಸಿ ಏಳುತ್ತದೆ, ಅದನ್ನು ತಣಿಸಲು ಎಷ್ಟೋ ಡೇಟಾ ಸೆಂಟರುಗಳು ನೀರು ಬಳಸುತ್ತವೆ. ನಳದ ನೀರಿಗೆ ದಿನ ಎಣಿಸುವ ಹುಬ್ಬಳ್ಳಿಯ ಮಕ್ಕಳಿಗೆ ಈ ಮಾತನ್ನು ಎರಡು ಸಲ ಹೇಳಬೇಕಾಗುವುದಿಲ್ಲ.

ಕಲಿಸುವವರಿಗೆ ಇಲ್ಲಿ ಬರವಿಲ್ಲ. 1947ರಲ್ಲಿ ಶುರುವಾದ ಬಿವಿಬಿ ಕಾಲೇಜು ಇಂದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಧಾರವಾಡದಲ್ಲಿ ಐಐಟಿ ಇದೆ, ಐಐಐಟಿ ಇದೆ, ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ. ಅಲ್ಲಿನ ಕನ್ನಡ ಬಲ್ಲ ವಿದ್ಯಾರ್ಥಿಗಳು ತಿಂಗಳಿಗೊಂದು ಶನಿವಾರ ಬಂದರೂ ಸಾಕು. ಧಾರವಾಡದ ಬಳಿಯ ಕೋಟೂರು-ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಎಲೆಕ್ಟ್ರಾನಿಕ್ಸ್ ತಯಾರಿಕಾ ಕ್ಲಸ್ಟರಿಗೆ 2023ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿದೆ. ನಾಳೆ ಅಲ್ಲಿ ನಮ್ಮ ಹುಡುಗರು ಗೇಟಿನಲ್ಲಿ ಕಾವಲಿಗೆ ನಿಲ್ಲಬೇಕೋ, ಒಳಗೆ ಬೋರ್ಡ್ ಪರೀಕ್ಷಿಸಲು ಕೂಡಬೇಕೋ? ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಿಗೆ 50,000 ಅಟಲ್ ಟಿಂಕರಿಂಗ್ ಲ್ಯಾಬ್ ಎಂದು 2025ರ ಕೇಂದ್ರ ಬಜೆಟ್ ಹೇಳಿದೆ. ಬರಲಿ, ಸಂತೋಷ. ಆದರೆ ಮುಟ್ಟಿದರೆ ಕೆಟ್ಟೀತು ಎಂಬ ಹೆದರಿಕೆ ಹೋಗದಿದ್ದರೆ ಆ ಲ್ಯಾಬಿನ ತ್ರೀಡಿ ಪ್ರಿಂಟರಿಗೂ ಬೀಗವೇ ಗತಿ.

ತಮ್ಮ ಕಚೇರಿಯಲ್ಲಿ ಏಳಬಹುದಾದ ಆಕ್ಷೇಪಗಳೂ ನನಗೆ ಗೊತ್ತು. ಅಪಾಯ ಇದೆಯೇ? ಇದೆ. ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿಯನ್ನು ಯಾರೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್ ಶಾಕ್ ಕೊಡಬಲ್ಲದು. ಉಬ್ಬಿದ ಯುಪಿಎಸ್ ಬ್ಯಾಟರಿಯನ್ನೂ ಹಳೆಯ ದಪ್ಪ ಮಾನಿಟರನ್ನೂ ಮಕ್ಕಳ ಕೈಗೆ ಕೊಡಬಾರದು. ಈ ಮೂರನ್ನು ಸುತ್ತೋಲೆಯಲ್ಲೇ ಬರೆಯಿರಿ. ಶಾಲೆಯ ದಾಖಲೆ ಇರುವ ಹಾರ್ಡ್ ಡಿಸ್ಕನ್ನು ಮೊದಲೇ ತೆಗೆದಿಡಲಿ. ಇ-ತ್ಯಾಜ್ಯ ನೋಂದಾಯಿತ ಸಂಸ್ಕರಣಾ ಘಟಕಕ್ಕೇ ಹೋಗಬೇಕೆಂಬ ನಿಯಮ ಇದೆ, ಪಾಠ ಮುಗಿದ ಮೇಲೆ ತೂಕ ಮಾಡಿ ಅಲ್ಲಿಗೇ ಕಳಿಸಲಿ. ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕಾಗಿ ಜಿಲ್ಲೆಯ ಮಿಷನ್ ವಿದ್ಯಾಕಾಶಿ ಕಾರ್ಯಕ್ರಮದ ಒತ್ತಡ ಇರುವುದನ್ನೂ ಬಲ್ಲೆ. ಹತ್ತನೆಯವರನ್ನು ಬಿಡಿ, ಎಂಟು ಮತ್ತು ಒಂಬತ್ತನೇ ಇಯತ್ತೆಯವರಿಗೆ ಸಾಕು.

ಇದನ್ನು ಈಗಲೇ ಕೇಳಲು ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರಗಳು ಹೆಚ್ಚಾಗಿ ವಿಂಡೋಸ್ 11 ತೆಗೆದುಕೊಳ್ಳುವುದಿಲ್ಲ. ಉಬುಂಟು ಹಾಕಿ ಕೆಲವನ್ನು ಉಳಿಸಬಹುದು, ಉಳಿದವು ನಿರುಪಯುಕ್ತ ಪಟ್ಟಿಗೆ ಸೇರುತ್ತವೆ. ಅವು ಲಾರಿ ಹತ್ತುವ ಮುನ್ನ ತಮ್ಮ ಆದೇಶ ಶಾಲೆಗಳಿಗೆ ಮುಟ್ಟಲಿ. ಮೊದಲು ಹುಬ್ಬಳ್ಳಿ ಶಹರ ಮತ್ತು ಧಾರವಾಡ ಗ್ರಾಮೀಣ ವಲಯಗಳಲ್ಲಿ ಮಾಡಿ ನೋಡಿ. ಸ್ಕ್ರೂಡ್ರೈವರ್ ತಂದು, ಸಂಬಳ ಕೇಳದೆ, ಮೊದಲ ದಿನದ ಪಾಠಕ್ಕೆ ಬರಲು ನಾನು ತಯಾರಿದ್ದೇನೆ.

ತಮ್ಮ ವಿಶ್ವಾಸಿ,
ಹುಬ್ಬಳ್ಳಿಯ ಒಬ್ಬ ಕಂಪ್ಯೂಟರ್ ಮೆಕ್ಯಾನಿಕ್