ಗೃಹಾರೋಗ್ಯ: ಕೊಟ್ಟಿಗೆಯ ಕರುವೂ ಪಟ್ಟಣದ ಮಗುವೂ

ಬೇಸಗೆಯ ರಜೆಯು ಸಮೀಪಿಸಿತೆಂದರೆ ಪಟ್ಟಣವಾಸಿಗಳಾದ ಗೃಹಸ್ಥರ ಮನೆಗಳಲ್ಲಿ ಹಳ್ಳಿಯ ಮಾತು ಏಳುತ್ತದೆ. ಅಜ್ಜನ ಮನೆಯ ಕೊಟ್ಟಿಗೆ, ತೋಟ, ಹೊಸದಾಗಿ ಈದ ಹಸು, ನೆಗೆದಾಡುವ ಮೇಕೆಮರಿ, ಇವನ್ನೆಲ್ಲ ಮಕ್ಕಳಿಗೆ ತೋರಿಸಬೇಕೆಂಬ ಆಸೆಯು ತಂದೆತಾಯಿಗಳಿಗೆ ಸಹಜವಾದುದು. ಊರಿನಲ್ಲಿ ಮನೆಯಿಲ್ಲದವರು ಈಗ ಹಣವನ್ನು ತೆತ್ತಾದರೂ ರೈತರ ತೋಟಗಳಿಗೆ ಹೋಗಿ ಒಂದೆರಡು ದಿನ ಇದ್ದು ಬರುವುದುಂಟು. ಆದರೆ ಗಂಟುಮೂಟೆ ಕಟ್ಟುವ ಹೊತ್ತಿಗೆ ತಾಯಿಯ ಮನಸ್ಸಿನಲ್ಲಿ ಒಂದು ಅಳುಕು ತಲೆಯೆತ್ತುವುದು. ಮಗುವು ಸಗಣಿಯನ್ನು ಮುಟ್ಟೀತು. ಕರುವಿಗೆ ನೆಕ್ಕಲು ಕೊಟ್ಟ ಕೈಯನ್ನೇ ತನ್ನ ಬಾಯಿಗಿಟ್ಟುಕೊಂಡೀತು. ಆ ಬಳಿಕ ಏನು ಗತಿ? ಇದನ್ನು ಕೇಳಿದ ಅತ್ತೆಯವರು ನಕ್ಕು, “ನಿನ್ನ ಗಂಡ ಇದೇ ಕೊಟ್ಟಿಗೆಯಲ್ಲಿ ಹೊರಳಾಡಿ ಬೆಳೆದವನಲ್ಲವೇನಮ್ಮ? ಅವನಿಗೇನಾಗಿದೆ?” ಎನ್ನುವರು. ಸೊಸೆಯು ಸುಮ್ಮನಾಗುವಳು, ಅಳುಕು ಮಾತ್ರ ಸುಮ್ಮನಾಗದು.

ಈ ತಿಂಗಳು ಈ ವಿಷಯವನ್ನೇ ವಿಚಾರ ಮಾಡೋಣ. ಸೊಸೆಯ ಮಾತಿನಲ್ಲಿ ಎಷ್ಟು ನಿಜವಿದೆ, ಅತ್ತೆಯ ಮಾತಿನಲ್ಲಿ ಎಷ್ಟು ನಿಜವಿದೆ ಎಂಬುದನ್ನು ತೂಗಿ ನೋಡಿದರೆ ಮಗುವನ್ನು ಹಟ್ಟಿಯಿಂದ ದೂರವಿಡದೆಯೇ ಕಾಪಾಡುವ ದಾರಿಯು ಕಾಣುವುದು.

ಮೊದಲು ಸೊಸೆಯ ಪಕ್ಷವನ್ನು ನೋಡೋಣ. ದನ, ಕುರಿ, ಮೇಕೆಗಳ ಕರುಳಿನಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ವಾಸವಾಗಿರುವುವು. ಬಹುಭಾಗ ನಿರಪಾಯಕರ. ಕೆಲವು ಮಾತ್ರ ಪ್ರಾಣಿಗೆ ಯಾವ ಕಾಯಿಲೆಯನ್ನೂ ತರದೆ ಮನುಷ್ಯನಿಗೆ ಕೇಡನ್ನುಂಟುಮಾಡುವುವು. ಅವುಗಳಲ್ಲಿ ಮುಖ್ಯವಾದುದು ಇ. ಕೋಲಿ ಒ157 ಎಂಬುದು. 1982ರಲ್ಲಿ ಅಮೆರಿಕದಲ್ಲಿ ಇದು ಮನುಷ್ಯರಿಗೆ ರೋಗ ತರುವ ಜೀವಿಯೆಂದು ಮೊದಲು ಗುರುತಾಯಿತು. ಇದನ್ನು ಹೊತ್ತ ಹಸುವು ಚೆನ್ನಾಗಿ ಮೇಯುತ್ತ, ಹಾಲು ಕೊಡುತ್ತ, ನೋಟಕ್ಕೆ ಆರೋಗ್ಯವಾಗಿಯೇ ಇರುವುದು. ಸಗಣಿಯಲ್ಲಿಯೂ ಮಣ್ಣಿನಲ್ಲಿಯೂ ಇದು ವಾರಗಟ್ಟಲೆ ಬದುಕಬಲ್ಲುದು. ನೂರಕ್ಕಿಂತ ಕಡಿಮೆ ಜೀವಿಗಳು ಹೊಟ್ಟೆಯನ್ನು ಸೇರಿದರೂ ರೋಗವು ಬರಬಹುದು. ಬಂದರೆ ಹೊಟ್ಟೆನೋವು, ರಕ್ತಭೇದಿ. ಬಹುಮಂದಿಗೆ ಒಂದು ವಾರದಲ್ಲಿ ಗುಣವಾಗುವುದು. ಆದರೆ ನೂರರಲ್ಲಿ ಐದರಿಂದ ಹತ್ತು ಮಂದಿಗೆ ಇದರ ವಿಷವು ಮೂತ್ರಪಿಂಡಗಳಿಗೆ ತಗಲುವುದು. ಐದು ವರ್ಷಕ್ಕೆ ಕೆಳಗಿನ ಮಕ್ಕಳೇ ಇದಕ್ಕೆ ಹೆಚ್ಚಾಗಿ ತುತ್ತಾಗುವರು.

2000ದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದ ಒಂದು ಹೈನಿನ ತೋಟವನ್ನು ನೋಡಿ ಬಂದವರಲ್ಲಿ 51 ಮಂದಿಗೆ ಈ ರೋಗವು ಹತ್ತಿತು. ಅವರಲ್ಲಿ ಹೆಚ್ಚಿನವರು ಎಳೆಯ ಮಕ್ಕಳು. 8 ಮಂದಿಗೆ ಮೂತ್ರಪಿಂಡಗಳ ತೊಂದರೆಯಾಯಿತು. 2009ರಲ್ಲಿ ಇಂಗ್ಲೆಂಡಿನ ಸರ್ರೆ ಪ್ರಾಂತದ ಗಾಡ್‌ಸ್ಟೋನಿನಲ್ಲಿ, ಮಕ್ಕಳು ಪ್ರಾಣಿಗಳನ್ನು ಮುಟ್ಟಿ ಆಡುವ ಒಂದು ತೋಟದಿಂದ 93 ಮಂದಿಗೆ ಇದೇ ರೋಗವು ಬಂದಿತು. ಅಲ್ಲಿಯೂ ಬಹುಪಾಲು ಚಿಕ್ಕ ಮಕ್ಕಳೇ. ಆದುದರಿಂದ ತಾಯಿಯ ಅಳುಕನ್ನು ಹುಸಿಯೆಂದು ನಗೆಯಾಡುವುದು ಸರಿಯಲ್ಲ.

ಆದರೆ ಪೆನ್ಸಿಲ್ವೇನಿಯಾದ ಪ್ರಸಂಗವನ್ನು ಪರಿಶೀಲಿಸಿದ ವೈದ್ಯರು ಇನ್ನೊಂದು ಸಂಗತಿಯನ್ನೂ ಕಂಡರು. ಕರುಗಳನ್ನೂ ಅವುಗಳ ಸುತ್ತಲಿನ ಕಟಕಟೆಗಳನ್ನೂ ಮುಟ್ಟಿದವರಿಗೆ ರೋಗವು ಹೆಚ್ಚಾಗಿ ಬಂದಿತ್ತು. ಕೈಯನ್ನು ತೊಳೆದುಕೊಂಡವರಿಗೆ ಕಡಿಮೆಯಾಗಿ ಬಂದಿತ್ತು. ಎಷ್ಟು ಸುಲಭವಾದ ಉಪಾಯ! ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಅತ್ತೆಯ ಪಕ್ಷಕ್ಕೆ ಬರೋಣ.

ಯೂರೋಪಿನ ಆಲ್ಪ್ಸ್ ಪರ್ವತಪ್ರಾಂತಗಳಲ್ಲಿ ದನಕರುಗಳ ನಡುವೆ ಬೆಳೆದ ರೈತರ ಮಕ್ಕಳಿಗೆ ಉಬ್ಬಸ, ಸೀನು, ಮೂಗು ಸೋರುವುದು ಮೊದಲಾದ ಒಗ್ಗದಿಕೆಯ ರೋಗಗಳು ಕಡಿಮೆಯೆಂದು ಪರಿಶೋಧಕರು ಕಂಡುಕೊಂಡಿರುವರು. ಅಮೆರಿಕದ ಅಮಿಷ್ ಮತ್ತು ಹಟರೈಟ್ ಎಂಬ ಎರಡು ಪಂಗಡದ ರೈತರನ್ನು ಕುರಿತು 2016ರಲ್ಲಿ ಪ್ರಕಟವಾದ ಒಂದು ಪರಿಶೋಧನೆಯು ಇನ್ನೂ ಸ್ವಾರಸ್ಯವಾದುದು. ಇಬ್ಬರದೂ ಸರಳ ಜೀವನ; ವಂಶಮೂಲವೂ ಹತ್ತಿರದ್ದು. ಅಮಿಷರು ಕುದುರೆಯಿಂದ ಉತ್ತು, ಮನೆಯ ಪಕ್ಕದಲ್ಲಿಯೇ ಕೊಟ್ಟಿಗೆಯನ್ನು ಕಟ್ಟಿಕೊಂಡಿರುವರು. ಅವರ ಮಕ್ಕಳು ಅದರಲ್ಲಿಯೇ ಆಡುವರು. ಹಟರೈಟರದು ಯಂತ್ರಗಳ ದೊಡ್ಡ ಬೇಸಾಯ. ಎಳೆಯ ಮಕ್ಕಳಿಗೆ ಕೊಟ್ಟಿಗೆಯು ದೂರ. ಅಮಿಷ್ ಮಕ್ಕಳಲ್ಲಿ ಉಬ್ಬಸವು ನೂರಕ್ಕೆ 5ರಷ್ಟು, ಹಟರೈಟ್ ಮಕ್ಕಳಲ್ಲಿ 21ರಷ್ಟು! ಎಳೆತನದಿಂದಲೇ ಬಗೆಬಗೆಯ ನಿರಪಾಯಕರ ಸೂಕ್ಷ್ಮಜೀವಿಗಳ ಪರಿಚಯವಾದ ದೇಹವು, ಯಾವುದು ಶತ್ರು, ಯಾವುದು ಅಲ್ಲ ಎಂಬುದನ್ನು ಕಲಿತುಕೊಳ್ಳುವುದೆಂದು ಪರಿಶೋಧಕರ ಅಭಿಪ್ರಾಯ.

ಹಾಗಾದರೆ ಅತ್ತೆಯವರೇ ಗೆದ್ದರೆ? ಅವಸರ ಬೇಡ. ಈ ಲಾಭವು ಹುಟ್ಟಿದಂದಿನಿಂದ ದಿನವೂ ಕೊಟ್ಟಿಗೆಯ ಗಾಳಿಯಲ್ಲಿ ಬೆಳೆದ ಮಕ್ಕಳಿಗೆ ದೊರೆತುದು. ವರ್ಷಕ್ಕೆ ನಾಲ್ಕು ದಿನ ಬಂದು ಹೋಗುವ ಮಗುವಿಗೆ ಅದು ಅಷ್ಟರಿಂದಲೇ ದೊರಕುವುದೆಂದು ನಂಬಲಾಗದು. ಅಪಾಯವಾದರೋ ಒಂದೇ ದಿನದಲ್ಲಿ ತಗಲಬಹುದು. ಮೇಲಾಗಿ, ಲಾಭವನ್ನು ತರುವುದು ಗಾಳಿ, ಧೂಳು, ಪ್ರಾಣಿಗಳ ಸಹವಾಸ. ರೋಗವನ್ನು ತರುವುದು ಬಾಯಿಗೆ ಹೋಗುವ ಸಗಣಿಯ ಅಂಶ. ಊಟಕ್ಕೆ ಮುಂಚೆ ಮಗುವಿನ ಕೈಯನ್ನು ತೊಳೆಸುವುದರಿಂದ ಮೊದಲನೆಯದು ಕಳೆದುಹೋಗದು. ಎರಡನೆಯದು ಬಹಳಮಟ್ಟಿಗೆ ತಪ್ಪುವುದು. ಮಗುವು ಕರುವಿನ ಕೊರಳನ್ನು ತಬ್ಬಿಕೊಳ್ಳಲಿ, ಆದರೆ ಕೈ ತೊಳೆಯದೆ ಬಾಯಿಗೆ ಏನೂ ಹೋಗದಿರಲಿ. ಇದಿಷ್ಟೇ ಸಾರ.

ಇನ್ನು ಆಚರಣೆಯ ಮಾತು. ಕೊಟ್ಟಿಗೆಯೊಳಕ್ಕೆ ತಿಂಡಿ, ಹಾಲಿನ ಸೀಸೆ, ಮಗುವು ಚೀಪುವ ವಸ್ತು ಯಾವುದನ್ನೂ ಒಯ್ಯಕೂಡದು. ಬೆರಳು ಚೀಪುವ ಪ್ರಾಯದ ಮಗುವನ್ನು ಎತ್ತಿಕೊಂಡೇ ತೋರಿಸುವುದು ಲೇಸು. ಕರುವಿನ ಬೆನ್ನನ್ನು ಸವರಲಿ. ಮೂತಿಗೆ ಮುತ್ತಿಡುವುದು ಬೇಡ. ಮೆಟ್ಟಿದ ಪಾದರಕ್ಷೆಗಳನ್ನು ಹೊರಗೆ ಬಿಡಿಸಬೇಕು. ಬಳಿಕ ಸುರಿಯುವ ನೀರಿನಲ್ಲಿ ಸಾಬೂನು ಹಚ್ಚಿ, ಬೆರಳಸಂದು ಉಗುರುಸಂದುಗಳನ್ನು ಇಪ್ಪತ್ತು ಎಣಿಸುವಷ್ಟು ಹೊತ್ತು ಉಜ್ಜಬೇಕು. “ತೊಳೆದುಕೊಂಡು ಬಾ” ಎಂದರೆ ಸಾಲದು. ದೊಡ್ಡವರು ಹತ್ತಿರ ನಿಂತು ತೊಳೆಸಬೇಕು. ಈಚೆಗೆ ಪ್ರಚಾರಕ್ಕೆ ಬಂದಿರುವ ಕೈಗೆ ಸವರುವ ದ್ರವವನ್ನು ನಂಬಿ ನೀರನ್ನು ಬಿಡಬಾರದು. ಕೊಳೆಯಾದ ಕೈಯ ಮೇಲೆ ಅದು ಸರಿಯಾಗಿ ಕೆಲಸ ಮಾಡದು. ಎಳಗರುಗಳಿಂದಲೂ ಕುರಿಮರಿಗಳಿಂದಲೂ ಭೇದಿಯನ್ನು ಹರಡುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಜೀವಿಯು ಅದಕ್ಕೆ ಜಗ್ಗುವುದೇ ಇಲ್ಲ. ಗರ್ಭಿಣಿಯರು ಕುರಿಮೇಕೆಗಳ ಹೆರಿಗೆಗೆ ಕೈಹಾಕಕೂಡದು, ಮಾಸನ್ನು ಮುಟ್ಟಕೂಡದು.

ಹಾಲಿನ ವಿಷಯದಲ್ಲಿ ಮಾತ್ರ ದಾಕ್ಷಿಣ್ಯವು ಸಲ್ಲದು. ಕರೆದ ಕೂಡಲೆ ಬೆಚ್ಚಗಿನ ನೊರೆಹಾಲನ್ನು ಮೊಮ್ಮಗನಿಗೆ ಕುಡಿಸುವುದು ಅನೇಕ ಅಜ್ಜಂದಿರಿಗೆ ಪ್ರೀತಿಯ ಕೆಲಸ. ಹಸಿಹಾಲಿನಿಂದ ಕ್ಷಯವೂ, ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಕಾಡುವ ಬ್ರುಸೆಲ್ಲಾ ಜ್ವರವೂ, ಮೇಲೆ ಹೇಳಿದ ಇ. ಕೋಲಿಯೂ ಬರಬಹುದು. ಮಾಲ್ಟಾ ದ್ವೀಪದಲ್ಲಿ ಸೈನಿಕರನ್ನು ಬಹುಕಾಲ ಪೀಡಿಸಿದ ಜ್ವರಕ್ಕೆ ಅಲ್ಲಿನ ಮೇಕೆಗಳ ಹಾಲೇ ಕಾರಣವೆಂಬುದು 1905ರಲ್ಲಿ ಸರ್ ತೆಮಿಸ್ಟೊಕ್ಲಿಸ್ ಜಾಮಿತರ ಶೋಧನೆಯಿಂದ ಗೊತ್ತಾದುದು. ಹಾಲನ್ನು ಉಕ್ಕಿಬರುವಂತೆ ಕಾಯಿಸಿದರೆ ಈ ಭಯವೆಲ್ಲ ಇಲ್ಲ. ಹಾಲು ಕಾಯಿಸುವ ನಮ್ಮ ಹಿರಿಯರ ಪದ್ಧತಿಯೇ ಇಲ್ಲಿ ಕಾವಲು. ಹಳ್ಳಿಗೆ ಹೋದಾಗ ಅದನ್ನು ಮರೆಯುವುದೇಕೆ?

ಮಲೆನಾಡಿಗೆ ಹೋಗುವವರಿಗೆ ಮತ್ತೊಂದು ಎಚ್ಚರಿಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡುಬಂದ ಮಂಗನ ಕಾಯಿಲೆಯು ಉಣುಗುಗಳ ಕಡಿತದಿಂದ ಬರುವುದು. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ನಮ್ಮ ರಜೆಯ ಕಾಲಕ್ಕೇ, ಇದರ ಹಾವಳಿ ಹೆಚ್ಚು. ಕಾಡಿನಲ್ಲಿ ಮೇದು ಬಂದ ದನಗಳ ಮೈಮೇಲೂ ಕಾಡಿನಿಂದ ತಂದ ತರಗೆಲೆಗಳಲ್ಲಿಯೂ ಉಣುಗುಗಳು ಇರಬಹುದು. ಮಕ್ಕಳನ್ನು ತರಗೆಲೆಯ ರಾಶಿಯಲ್ಲಿ ಆಡಲು ಬಿಡದೆ, ಕೈಕಾಲು ಮುಚ್ಚುವ ಬಟ್ಟೆಯನ್ನು ತೊಡಿಸಿ, ಸಂಜೆ ಬಿಸಿನೀರಿನ ಸ್ನಾನದ ಹೊತ್ತಿಗೆ ಮೈಯನ್ನು ಚೆನ್ನಾಗಿ ನೋಡಬೇಕು.

ಊರಿನಿಂದ ಮರಳಿದ ಹತ್ತು ದಿನಗಳೊಳಗೆ ಮಗುವಿಗೆ ಭೇದಿಯಾದರೆ ಉಪ್ಪುಸಕ್ಕರೆಯ ಜೀವಜಲವನ್ನು ಕುಡಿಸುತ್ತಿರಬೇಕು. ಭೇದಿಯಲ್ಲಿ ರಕ್ತವು ಕಂಡರೆ, ಮೂತ್ರವು ಕಡಿಮೆಯಾದರೆ, ಮುಖವು ಬಿಳಿಚಿ ಮಗುವು ಸೋತು ಮಲಗಿದರೆ, ಒಂದು ಗಳಿಗೆಯೂ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಮಗುವು ದನಗಳ ಹತ್ತಿರ ಆಡಿತ್ತೆಂಬುದನ್ನು ಅವರಿಗೆ ಹೇಳಲೇಬೇಕು. ಭೇದಿಯನ್ನು ಕಟ್ಟುವ ಔಷಧವನ್ನಾಗಲಿ, ಮನೆಯಲ್ಲಿ ಉಳಿದಿದ್ದ ಮಾತ್ರೆಗಳನ್ನಾಗಲಿ ತಾವೇ ಕೊಡಕೂಡದು. ಈ ರೋಗದಲ್ಲಿ ಅವುಗಳಿಂದ ಕೇಡು ಹೆಚ್ಚಬಹುದು.

ಇಷ್ಟನ್ನು ಓದಿ, ಹಳ್ಳಿಯ ಪ್ರಯಾಣವನ್ನೇ ನಿಲ್ಲಿಸುವೆವೆಂದು ಯಾರಾದರೂ ನಿಶ್ಚಯಿಸಿದರೆ ನಮ್ಮ ಬರಹವು ವ್ಯರ್ಥವೇ ಸರಿ. ಹಾಲು ಪೊಟ್ಟಣದಿಂದ ಬರುವುದೆಂದು ತಿಳಿದು ಬೆಳೆಯುವ ಮಗುವಿಗೆ ಆಗುವ ನಷ್ಟವೂ ನಷ್ಟವೇ. ಅಜ್ಜಿಯರೂ ಒಂದು ಉಪಕಾರವನ್ನು ಮಾಡಬಹುದು. ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಒಳಗೆ ಕಾಲಿಡಕೂಡದೆಂಬ ಕಟ್ಟು ನಿಮ್ಮ ಮನೆಯದೇ ಅಲ್ಲವೆ? ಸೊಸೆಯ ಭಯವನ್ನು ನಕ್ಕು ತಳ್ಳುವುದಕ್ಕೆ ಬದಲಾಗಿ, ಹಿತ್ತಲ ನೀರಿನ ತೊಟ್ಟಿಯ ಬಳಿ ಸಾಬೂನನ್ನಿಟ್ಟು, ಆ ಕಟ್ಟನ್ನು ಮೊಮ್ಮಕ್ಕಳಿಗೆ ನೀವೇ ಕಲಿಸಿರಿ. ತಾಯಿ ಹೇಳಿದರೆ ಕೇಳದ ಮಗು ಅಜ್ಜಿ ಹೇಳಿದರೆ ಕೇಳುವುದು. ಮಗುವಿನ ಆರೋಗ್ಯವೂ ಉಳಿದೀತು; ಅತ್ತೆಸೊಸೆಯರ ಮನಸ್ಸೂ ಒಂದಾದೀತು.