ಮೊದಲು ನಮ್ಮೂರ ದಾರಿ ಹೇಳಲಿ

ನಮ್ಮ ವಾಚನಾಲಯದ ಕಟ್ಟೆ ಮೇಲೆ ಒಂದು ವಾದ ಎಷ್ಟೋ ದಿನದಿಂದ ನಡೆದೇ ಐತಿ. ದೂರದ ಊರಿಗೆ ಗಾಡಿ ತಗೊಂಡು ಹೋಗುವವರು ದಾರಿ ತೋರಿಸುವ ಜಿಪಿಎಸ್ ಯಾವುದು ಇಟ್ಟುಕೊಳ್ಳಬೇಕು? ಗಾಜಿಗೆ ಅಂಟಿಸುವ ಡಬ್ಬಿಯೋ, ಗಾಡಿಯೊಳಗೇ ಕೂಡಿಸಿ ಬಂದ ಪರದೆಯೋ, ಕಿಸೆಯಾಗಿನ ಮೊಬೈಲೋ? ನಮ್ಮ ಸಾಲಿಯ ಒಬ್ಬ ತರುಣ ಮಾಸ್ತರರು, "ಕಾಕಾ, ರೊಕ್ಕ ಜಾಸ್ತಿ ಹಾಕಿದರ ಒಳ್ಳೇದು ಸಿಗತೈತ್ರಿ. ಆಮ್ಯಾಲೆ ಯಾರನ್ನೂ ಕೇಳೂದು ಬ್ಯಾಡ, ಅದು ಹೇಳಿದಂಗ ಹೊಂಟರ ಆತು" ಅಂದರು. ನನ್ನ ವಾರಿಗೆಯ ಹಿರಿಯರು, "ಅದೆಲ್ಲಾ ಸುಳ್ಳ, ಬಾಯಿ ಇದ್ದವಗ ದಾರಿ ತಪ್ಪೂದಿಲ್ಲ" ಅಂದರು. ನಾನು ಇಬ್ಬರ ಜೋಡಿಯೂ ಜಗಳಕ್ಕೆ ನಿಂತವ. ಅಲ್ಲಿ ಕೂಗಾಡಿದ್ದನ್ನು ಇಲ್ಲಿ ಸಮಾಧಾನದಿಂದ ಬರೆಯುತ್ತೇನೆ.

ಮಾಸ್ತರರೆ, ಎತ್ತು ಕೊಳ್ಳುವಾಗ ನಾವು ಸಂತೆಯ ದಲಾಲಿಯ ಮಾತು ಕೇಳಿ ರೊಕ್ಕ ಎಣಿಸುವುದಿಲ್ಲ. ಹಲ್ಲು ನೋಡುತ್ತೇವೆ, ನಡೆಸಿ ನೋಡುತ್ತೇವೆ, ಸಾಧ್ಯವಾದರೆ ನಮ್ಮ ಹೊಲದಾಗ ಒಂದು ಸಾಲು ಹೂಡಿ ನೋಡುತ್ತೇವೆ. ಮಿರಜಿಗೆ ತಂಬೂರಿ ಕೊಳ್ಳಲು ಹೋದವರು ಅದರ ಮೇಲಿನ ಬಣ್ಣ, ಕೆತ್ತನೆ ನೋಡಿ ಮರುಳಾಗುವುದಿಲ್ಲ. ತಮ್ಮ ದನಿಗೆ ಶ್ರುತಿ ಹಚ್ಚಿಸಿ, ಕಣ್ಣು ಮುಚ್ಚಿ ಕೂತು ಕೇಳುತ್ತಾರೆ. ದಾರಿ ತೋರಿಸುವ ಯಂತ್ರಕ್ಕೆ ಮಾತ್ರ ಈ ಪರೀಕ್ಷೆ ಯಾಕೆ ಬ್ಯಾಡ? ಗೊತ್ತಿಲ್ಲದ ದಾರಿಯಲ್ಲಿ ಅದು ಹೇಳಿದ್ದು ಖರೇನೋ ಸುಳ್ಳೋ ನಮಗೆ ತಿಳಿಯುವುದಿಲ್ಲ. ಗೊತ್ತಿದ್ದ ದಾರಿಯಲ್ಲಿ ತಿಳಿಯುತ್ತದೆ. ಹಾಗಾಗಿ ನನ್ನ ಮಾತು ಇಷ್ಟೇ: ಅದು ಮೊದಲು ನಮ್ಮೂರ ದಾರಿ ಸರಿಯಾಗಿ ಹೇಳಲಿ, ಆಮೇಲೆ ಸೊಲ್ಲಾಪುರದ್ದು, ಪುಣೆಯದ್ದು ಕೇಳೋಣ.

ಇದರಲ್ಲಿ ಎರಡು ಕೆಲಸ ಬೇರೆ ಬೇರೆ ಇವೆ. ಅದನ್ನು ತಿಳಿಯದೆ ಜನ ಒಂದರ ತಪ್ಪನ್ನು ಇನ್ನೊಂದರ ಮೇಲೆ ಹಾಕುತ್ತಾರೆ. ಮೇಲೆ ಆಕಾಶದಲ್ಲಿ ಉಪಗ್ರಹಗಳಿವೆ. ಜಿಪಿಎಸ್ ಅನ್ನುವುದು ಅಮೆರಿಕ ದೇಶದವರು ತಮ್ಮ ಸೈನ್ಯಕ್ಕಾಗಿ ಕಟ್ಟಿದ್ದು. ಮೊದಲ ಉಪಗ್ರಹ 1978ರಲ್ಲಿ ಏರಿತು, ಇಡೀ ಕೂಟ 1995ರಲ್ಲಿ ಪೂರ್ತಿ ಕೆಲಸಕ್ಕೆ ನಿಂತಿತು. ಅವು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, "ಈಗ ಇಷ್ಟು ಹೊತ್ತು, ನಾನು ಇಂಥ ಕಡೆ ಇದ್ದೇನೆ" ಎಂದು ಕೂಗುತ್ತಲೇ ಇರುತ್ತವೆ. ನಾಲ್ಕರ ಕೂಗು ಕೇಳಿದರೆ ನಮ್ಮ ಮೊಬೈಲು ತಾನು ಎಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ಅದಕ್ಕೆ ನೆಟ್ ಬೇಡ, ಸಿಮ್ ಕೂಡ ಬೇಡ. 2000ದ ಮೇ ತಿಂಗಳ ತನಕ ಅಮೆರಿಕದವರು ಸಾಮಾನ್ಯರಿಗೆ ಸಿಗುವ ಕೂಗನ್ನು ಬೇಕಂತಲೇ ಸ್ವಲ್ಪ ಕೆಡಿಸಿ ಬಿಡುತ್ತಿದ್ದರು, ಆಮೇಲೆ ಅದನ್ನು ನಿಲ್ಲಿಸಿದರು. ನಮ್ಮ ಇಸ್ರೋದವರೂ 2013ರಿಂದ ಉಪಗ್ರಹ ಏರಿಸಿ, 2016ರಲ್ಲಿ ಅದಕ್ಕೆ ನಾವಿಕ್ ಎಂದು ಹೆಸರಿಟ್ಟರು. ಇದೆಲ್ಲ ಶ್ರುತಿ ಇದ್ದಂಗ. ಶ್ರುತಿ ಅಷ್ಟು ಸುಲಭಕ್ಕೆ ತಪ್ಪುವುದಿಲ್ಲ. ತಪ್ಪುವವ ಹಾಡುಗಾರ. ಇಲ್ಲಿ ಹಾಡುಗಾರ ಅಂದರೆ ನಕಾಶೆ. "ನೀ ಇಲ್ಲಿದ್ದೀ" ಅನ್ನುವುದು ಆಕಾಶದ ಮಾತು. "ಇಲ್ಲಿಂದ ಎಡಕ್ಕೆ ಹೊರಳು, ಅಲ್ಲಿ ರಸ್ತೆ ಐತಿ" ಅನ್ನುವುದು ಎಲ್ಲೋ ಕೂತು ಯಾರೋ ಬರೆದ ನಕಾಶೆಯ ಮಾತು. ಅಂಗಡಿಯಲ್ಲಿ ನಾವು ರೊಕ್ಕ ಕೊಡುವುದು ಡಬ್ಬಿಗೆ, ಮೋಸ ಹೋಗುವುದು ನಕಾಶೆಯಿಂದ.

ನಾನು ಮೋಸ ಹೋದದ್ದನ್ನೂ ಹೇಳಬೇಕಲ್ಲ. ಒಂದು ಶ್ರಾವಣದಲ್ಲಿ ನಮ್ಮ ಗೀಗೀ ಮೇಳಕ್ಕೆ ಸದಲಗಾ ಸೀಮೆಯ ಒಂದು ಊರಿನ ಕರೆ ಬಂದಿತ್ತು. ಕ್ರೂಸರ್ ಗಾಡಿ, ಏಳು ಮಂದಿ, ಡಪ್ಪು, ತುಂತುಣಿ, ತಾಳ. ರಾತ್ರಿ ಎಂಟಕ್ಕೆ ಪದ ಶುರುವಾಗಬೇಕು. ಡ್ರೈವರ್ ಹುಡುಗ ಮೊಬೈಲು ಮುಂದಿಟ್ಟು ಹೊಂಟ. ಶಿರೋಳ ದಾಟಿತು, ಕುರುಂದವಾಡ ದಾಟಿತು, ದತ್ತವಾಡದಿಂದ ಮಲಿಕವಾಡದ ಕಡೆ ನೇರ ಗೆರೆ ತೋರಿಸಿತು. ಅಲ್ಲಿ ದೂಧಗಂಗೆಗೆ ಒಂದು ತಗ್ಗು ಸೇತುವೆ ಐತಿ. ನಮ್ಮೂರಲ್ಲಿ ಆ ವಾರ ಹನಿ ಮಳೆ ಇರಲಿಲ್ಲ, ತೊಗರಿ ಒಣಗುತ್ತಿತ್ತು. ಹಂಗಾಗಿ ಹೊಳೆಯ ನೆನಪು ಯಾರಿಗೂ ಬರಲಿಲ್ಲ. ಸೇತುವೆ ಇನ್ನೂ ದೂರ ಇರುವಾಗ ಕತ್ತಲೊಳಗಿಂದ ಒಬ್ಬ ಮುದುಕ ಬ್ಯಾಟರಿ ಬೀಸುತ್ತ ಓಡಿ ಬಂದು ಗಾಡಿಗೆ ಅಡ್ಡ ನಿಂತ. "ಯಪ್ಪಾ, ಎಲ್ಲಿಗೆ ಹೊಂಟೀರಿ? ನಿನ್ನಿಂದ ಸೇತುವೆ ನೀರಾಗೈತಿ!" ಇಳಿದು ನೋಡಿದರೆ ಮುಂದೆ ಕರೀ ನೀರು ಸದ್ದಿಲ್ಲದೆ ಹರಿಯುತ್ತಿದೆ. ಕಟ್ಟೆಯ ಕಲ್ಲೊಂದೂ ಕಾಣುವುದಿಲ್ಲ. ಮೊಬೈಲು ಮಾತ್ರ "ನೇರ ಮುಂದಕ್ಕೆ ಸಾಗಿ" ಅಂತ ಹೇಳುತ್ತಲೇ ಇತ್ತು. ಆ ಹೆಣ್ಣು ದನಿ ಇವತ್ತಿಗೂ ನನಗೆ ಕನಸಿನಲ್ಲಿ ಕೇಳುತ್ತದೆ. ಸುತ್ತು ಹಾಕಿ ಎತ್ತರದ ಸೇತುವೆ ಹಿಡಿದು ಹೋದಾಗ ರಾತ್ರಿ ಹನ್ನೊಂದಾಗಿತ್ತು, ಅರ್ಧ ಮಂದಿ ಎದ್ದು ಹೋಗಿದ್ದರು.

ಆ ಸೀಮೆಯವರಿಗೆ ಇದು ಸುದ್ದಿಯೇ ಅಲ್ಲ. ಘಟ್ಟದ ಕಡೆ ಮಳೆ ಹೊಡೆದರೆ ಮಲಿಕವಾಡ-ದತ್ತವಾಡ, ಕಲ್ಲೋಳ-ಯಡೂರ, ಕಾರದಗಾ-ಭೋಜ, ಭೋಜವಾಡಿ-ಕುನ್ನೂರ, ಈ ತಗ್ಗು ಸೇತುವೆಗಳು ವರ್ಷ ವರ್ಷ ಮುಳುಗುತ್ತವೆ. ಶಾಲೆಯ ಹುಡುಗರೂ ಇವನ್ನು ಒಂದೇ ಉಸಿರಿಗೆ ಹೇಳುತ್ತಾರೆ. ನಕಾಶೆಗೆ ಆಷಾಢ, ಶ್ರಾವಣ ಗೊತ್ತಿಲ್ಲ. ಅದಕ್ಕೆ ಹನ್ನೆರಡು ತಿಂಗಳೂ ಒಂದೇ.

ಇದು ನಮ್ಮೊಬ್ಬರ ಹಣೆಬರಹ ಅಲ್ಲ. ನಮ್ಮ ಮಹಾರಾಷ್ಟ್ರದಲ್ಲೇ, ಆಗಿನ ಅಹಮದನಗರ ಜಿಲ್ಲೆಯ ಅಕೋಲೆ ತಾಲೂಕಿನಲ್ಲಿ, 2021ರ ಜನವರಿಯಲ್ಲಿ ಕಳಸೂಬಾಯಿ ಬೆಟ್ಟಕ್ಕೆ ಹೊಂಟ ಪುಣೆಯ ಮೂವರು ರಾತ್ರಿ ನಕಾಶೆ ನಂಬಿ ಹೋಗಿ ಕಾರು ಸಮೇತ ನೀರಿಗೆ ಇಳಿದರು. ಇಬ್ಬರು ಈಸಿ ದಡ ಸೇರಿದರು, ಒಬ್ಬರು ಉಳಿಯಲಿಲ್ಲ. ಆ ಸೇತುವೆ ವರ್ಷದಲ್ಲಿ ನಾಲ್ಕು ತಿಂಗಳು ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿರುತ್ತದೆ ಎಂದು ಅಲ್ಲಿನ ಪ್ರತಿಯೊಬ್ಬನಿಗೂ ಗೊತ್ತು. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಹತ್ತಿರ, ನೆರೆಗೆ ಕೊಚ್ಚಿಹೋಗಿ ಅರ್ಧಕ್ಕೆ ನಿಂತಿದ್ದ ಸೇತುವೆಯ ಮೇಲಿಂದ ಕಾರು ರಾಮಗಂಗಾ ಹೊಳೆಗೆ ಬಿದ್ದು ಮೂವರು ಸತ್ತರು. ಅಡ್ಡ ಕಟ್ಟದ ಸರಕಾರದವರದೂ ತಪ್ಪು ಹೌದು, ನಾನು ಬ್ಯಾಡ ಅನ್ನೂದಿಲ್ಲ. ಆದರೆ ಆ ದಿನ ದಾರಿಯಲ್ಲಿ ಒಂದು ಚಹಾದಂಗಡಿ ಮುಂದೆ ಗಾಡಿ ನಿಲ್ಲಿಸಿ ಕೇಳಿದ್ದರೆ?

2019ರ ಆಗಸ್ಟ್ ನಮಗೆ ಯಾರಿಗೆ ಮರೆತಿದೆ? ಸಾಂಗಲಿಯ ಇರ್ವಿನ್ ಸೇತುವೆ ಹತ್ತಿರ ಅಪಾಯದ ಮಟ್ಟ 45 ಅಡಿ. ಕೃಷ್ಣೆ 57 ಅಡಿ ದಾಟಿ ಪೇಟೆಯೊಳಗೆ ಬಂದು ಕೂತಳು. ಕೊಲ್ಲಾಪುರದ ಹತ್ತಿರ ಪಂಚಗಂಗೆ ಏರಿ ಪುಣೆ-ಬೆಂಗಳೂರು ಹೆದ್ದಾರಿಯೇ ಎಷ್ಟೋ ದಿನ ಬಂದ್ ಆಗಿತ್ತು. 2021ರ ಜುಲೈಯಲ್ಲಿ ಮತ್ತೆ ಅದೇ ಪಾಡು. ಇಂಥ ಹೊತ್ತಿನಲ್ಲಿ ಯಾವ ಗಾಡಿ ಯಾವ ಕಡೆ ಹಾಯಬೇಕು ಎಂಬುದು ಗಂಟೆಗೊಮ್ಮೆ ಬದಲಾಗುತ್ತದೆ. ಹತ್ತು ಸಾವಿರದ ಡಬ್ಬಿಯಲ್ಲಿ ಹೋದ ವರ್ಷದ ನಕಾಶೆ ಇದ್ದರೆ ಅದರಿಂದ ಏನು ಬಂತು?

ಇನ್ನು ಹೆಸರಿನ ಗೋಳು. ನಮ್ಮ ಒಂದೇ ಸಾಂಗಲಿ ಜಿಲ್ಲೆಯಲ್ಲಿ ಮೂರು ಕವಠೆ: ಕವಠೆ ಮಹಾಂಕಾಳ, ಕವಠೆ ಏಕಂದ, ಕವಠೆ ಪಿರಾನ. ಮೂರೂ ಬೇರೆ ಬೇರೆ ದಿಕ್ಕಿಗೆ. "ಕವಠೆ" ಎಂದಷ್ಟೇ ಬರೆದು ಮೇಲೆ ಬಂದ ಮೊದಲ ಹೆಸರು ಒತ್ತಿದವರು ದಸರೆಯ ಮದ್ದು ಸುಡುವುದನ್ನು ನೋಡಲು ಏಕಂದಕ್ಕೆ ಹೊಂಟು ಮಹಾಂಕಾಳಕ್ಕೆ ಹೋಗಿ ಇಳಿಯುತ್ತಾರೆ. ಅಂಕಲಿ ಎರಡು, ಒಂದು ನಮ್ಮ ಸಾಂಗಲಿ-ಕೊಲ್ಲಾಪುರ ರಸ್ತೆಯ ಮೇಲೆ, ಇನ್ನೊಂದು ಚಿಕ್ಕೋಡಿ ತಾಲೂಕಿನಲ್ಲಿ. ಎರಡೂ ಕೃಷ್ಣೆಯ ಸನಿಹದವೇ, ಹಂಗಾಗಿ "ಹೊಳಿ ದಂಡಿ ಅಂಕಲಿ" ಅಂದರೂ ಸಾಲದು. ಗೂಗಲ್‌ನವರು 2021ರಲ್ಲಿ ಕನ್ನಡ, ಮರಾಠಿ ಸೇರಿ ಹತ್ತು ಭಾರತೀಯ ಭಾಷೆಗಳಲ್ಲಿ ಊರಿನ, ಅಂಗಡಿಯ ಹೆಸರು ತೋರಿಸುತ್ತೇವೆ ಎಂದರು. ಒಳ್ಳೆಯದು. ಆದರೆ ಇಂಗ್ಲಿಷ್ ಅಕ್ಷರದಿಂದ ಕನ್ನಡಕ್ಕೆ ಇಳಿಸುವಾಗ ಳ ಹೋಗಿ ಲ ಆಗುತ್ತದೆ, ಣ ಹೋಗಿ ನ ಆಗುತ್ತದೆ. ಜತ್ತ ತಾಲೂಕಿನ ಬಿಳೂರನ್ನು ಬಿಲೂರ ಅಂದರೆ ಊರವನಿಗೇ ಗುರುತು ಸಿಗುವುದಿಲ್ಲ. ಗಡಿಯಲ್ಲಿರುವ ನಮ್ಮ ಊರುಗಳಿಗೆ ಮನೆಯಲ್ಲಿ ಒಂದು ಹೆಸರು, ಕಚೇರಿಯಲ್ಲಿ ಒಂದು ಹೆಸರು, ಬಸ್ಸಿನ ಹಲಗೆ ಮೇಲೆ ಒಂದು ಹೆಸರು. ಹೆಸರು ಹುಡುಕಿದರೆ ಸಾಲದು, ತಾಲೂಕು ಜಿಲ್ಲೆ ಎರಡೂ ನೋಡಿಯೇ ಹೊರಡಬೇಕು.

ಕಟ್ಟೆಯ ಜಗಳ ಹೆಚ್ಚಾದಾಗ ನಾವು ಒಂದು ಆದಿತ್ಯವಾರ ಪರೀಕ್ಷೆಯನ್ನೇ ಇಟ್ಟೆವು. ಮೂರು ಮೊಬೈಲು, ಒಬ್ಬರ ಕಾರಿನ ಪರದೆ. ಮಿರಜ ಸ್ಟೇಷನ್ನಿನಿಂದ ನಮ್ಮ ಸಾಲಿಗೆ ದಾರಿ ಹೇಳು ಎಂದು ಕೇಳಿದೆವು. ಒಂದು ಸರಿಯಾಗಿ ಹೇಳಿತು. ಒಂದು ನಮ್ಮ ಸಾಲಿಯನ್ನು ಗೌಡರ ದ್ರಾಕ್ಷಿ ತೋಟದ ನಡುವೆ ನಿಲ್ಲಿಸಿತ್ತು. ಮೂರನೆಯದು ಹಳ್ಳದ ಬಂಡಿ ದಾರಿ ತೋರಿಸಿತು. ಎಲ್ಲರೂ ಅದಕ್ಕೆ ಬೈದರು. ಕಡೆಗೆ ನೋಡಿದರೆ ಆ ಹುಡುಗ ಅದನ್ನು ಮೋಟಾರ್ ಸೈಕಲ್ಲಿನ ಗುರುತಿನ ಮೇಲೆ ಇಟ್ಟಿದ್ದ! ಕಾರಿನ ಗುರುತು ಒತ್ತಿದ ಕೂಡಲೇ ಡಾಂಬರು ರಸ್ತೆಗೆ ಬಂತು. ಯಂತ್ರಕ್ಕೆ ಬೈಯುವ ಮುಂಚೆ ನಮ್ಮ ಬೆರಳನ್ನೂ ನೋಡಿಕೊಳ್ಳಬೇಕು. ಅತಿ ಹೆಚ್ಚು ರೊಕ್ಕದ ಕಾರಿನ ಪರದೆಗೆ ಹೊಸ ಹೆದ್ದಾರಿಯೇ ಗೊತ್ತಿರಲಿಲ್ಲ. ಮಿರಜಿನಿಂದ ಸೊಲ್ಲಾಪುರಕ್ಕೆ ಹೋಗುವ 166ನೇ ನಂಬರಿನ ಅಗಲ ರಸ್ತೆಯ ಮೇಲೆ ನಿಂತಾಗ ಅದು ನಮ್ಮನ್ನು ಹೊಲದೊಳಗೆ ತೋರಿಸುತ್ತಿತ್ತು. ಕೊಂಡಂದಿನಿಂದ ನಕಾಶೆ ಹೊಸದು ಮಾಡಿಸಿಲ್ಲ, ಅಷ್ಟೇ ಕಾರಣ. ಮಾಸ್ತರರು ಆವತ್ತು ಮಾತಾಡಲಿಲ್ಲ.

ಆಮೇಲೆ ಡಾಟಾ ಬಂದ್ ಮಾಡಿ ನೋಡಿದೆವು. ನಕಾಶೆ ಮೊದಲೇ ಇಳಿಸಿಕೊಂಡ ಮೊಬೈಲು ನಡೆಯಿತು, ಇಳಿಸಿಕೊಳ್ಳದ್ದು ಬರೇ ಬಿಳಿ ಹಾಳೆ ತೋರಿಸಿತು. ಸಂಖ, ಉಮದಿ ಕಡೆ ಹೋದವರಿಗೆ ಗೊತ್ತು, ಗಡಿ ಹತ್ತಿರ ಟವರು ಒಮ್ಮೆ ಆ ರಾಜ್ಯದ್ದು, ಒಮ್ಮೆ ಈ ರಾಜ್ಯದ್ದು, ಒಮ್ಮೆ ಯಾವುದೂ ಇಲ್ಲ. ಮನೆಯಲ್ಲಿ ನೆಟ್ ಇದ್ದಾಗಲೇ ದಾರಿಯ ಸೀಮೆಯನ್ನೆಲ್ಲ ಇಳಿಸಿಕೊಂಡರೆ ಹತ್ತು ರೂಪಾಯಿಯ ಖರ್ಚೂ ಇಲ್ಲ. ಗಾಜಿಗೆ ಅಂಟಿಸುವ ಡಬ್ಬಿಯ ಗುಣವೂ ಇದೇ, ನಕಾಶೆ ಅದರ ಹೊಟ್ಟೆಯಲ್ಲೇ ಇರುತ್ತದೆ. ಬಾಡಿಗೆ ಗಾಡಿ ಹೊಡೆದು ದಿನವೂ ದೂರ ಹೋಗುವವ, ಮೊಬೈಲು ಕಾದು ಬಂದ್ ಬೀಳುತ್ತದೆ ಅನ್ನುವವ, ಅದನ್ನು ಕೊಂಡರೆ ನಾ ಬ್ಯಾಡ ಅನ್ನೂದಿಲ್ಲ. ವರ್ಷಕ್ಕೆ ಎರಡು ಸಲ ಪಂಢರಪುರಕ್ಕೆ ಹೋಗುವವರಿಗೆ ಅದು ದಂಡ. ಗೂಗಲ್ ಇರಲಿ, ನಮ್ಮ ದೇಶದವರು ಮಾಡಿದ ಮ್ಯಾಪಲ್ಸ್ ಇರಲಿ, ಎರಡನ್ನೂ ಪುಕ್ಕಟೆ ಹಾಕಿಕೊಂಡು ಒಂದೇ ದಾರಿ ಇಬ್ಬರಿಗೂ ಕೇಳಿರಿ. ಇಬ್ಬರ ಮಾತು ಕೂಡದ ಕಡೆ ಗಾಡಿ ನಿಲ್ಲಿಸಿ ಮನುಷ್ಯರನ್ನು ಕೇಳಿರಿ. ರಸ್ತೆ ದಂಡೆಯ ಕಿಲೋಮೀಟರ್ ಕಲ್ಲನ್ನೂ ಓದಿರಿ: ಹಳದಿ ತಲೆಯದು ರಾಷ್ಟ್ರೀಯ ಹೆದ್ದಾರಿ, ಹಸಿರು ತಲೆಯದು ರಾಜ್ಯದ್ದು, ಕಿತ್ತಳೆ ಬಣ್ಣದ್ದು ಹಳ್ಳಿ ರಸ್ತೆ. ಹೆದ್ದಾರಿ ಮೇಲಿದ್ದೇನೆಂದು ಮೊಬೈಲು ಹೇಳುವಾಗ ಕಲ್ಲಿನ ತಲೆ ಕಿತ್ತಳೆ ಇದ್ದರೆ ಎಚ್ಚರ ಆಗಬೇಕು.

ಈಗ ನನ್ನ ವಾರಿಗೆಯವರಿಗೆ ಎರಡು ಮಾತು. ನಾವು ಕೇಳಿ ಕೇಳಿ ಹೋದದ್ದು ಖರೆ. ಆದರೆ ಕೇಳಿದವರೆಲ್ಲ ಖರೆ ಹೇಳಿದ್ದರೇನು? "ಇಲ್ಲೇ ಐತ್ರಿ, ಒಂದು ಬೀಡಿ ಸೇದೂದರಾಗ ಹೋಗ್ತೀರಿ" ಅಂದವನ ಮಾತು ನಂಬಿ ಎಷ್ಟು ರಾತ್ರಿ ನಡೆದಿಲ್ಲ ನಾವು? ಗೊತ್ತಿಲ್ಲ ಅನ್ನಲು ನಾಚಿ ಸುಳ್ಳು ದಿಕ್ಕಿಗೆ ಕೈ ಮಾಡಿದವರು ಕಡಿಮೆ ಇದ್ದರೇ? ನಮ್ಮ ಸಾಲಿಗೆ ಸಾಂಗಲಿಯಿಂದ ಸ್ಕೂಟಿ ಮೇಲೆ ಬರುವ ಬಾಯಾರು ಇದ್ದಾರೆ. ಕತ್ತಲಾದ ಮೇಲೆ ಧಾಬಾದ ಮುಂದೆ ನಿಂತ ಹತ್ತು ಗಂಡಸರನ್ನು ಅವರು ದಾರಿ ಕೇಳಬೇಕೇನು? ಆ ತಾಯಿಗೆ ಕಿಸೆಯಾಗಿನ ನಕಾಶೆ ದೊಡ್ಡ ಧೈರ್ಯ. ಬಾಯಿ ಇದ್ದರೆ ಸಾಕು ಅನ್ನುವ ಮಾತು ಗಂಡಸರು, ಅದೂ ಹಗಲು ಹೊತ್ತು, ಆಡುವ ಮಾತು.

ಅದಕ್ಕೇ ನನಗೆ ಸಿಟ್ಟು ಬರುವುದು ಬೇರೆ ಕಡೆ. ಸೇತುವೆ ಯಾವಾಗ ಮುಳುಗುತ್ತದೆ, ಯಾವ ದಾರಿ ಬಂಡಿಯದು, ಸಾಲಿ ಎಲ್ಲಿದೆ, ಊರಿನ ಖರೇ ಹೆಸರೇನು, ಇದೆಲ್ಲ ಗೊತ್ತಿದ್ದವರು ನಾವು. ನಕಾಶೆ ಬರೆದವರಿಗೆ ಅದು ಗೊತ್ತಿಲ್ಲ, ನಾವು ಹೇಳಿಯೂ ಇಲ್ಲ. ನಕ್ಕು ಸುಮ್ಮನಾಗಿದ್ದೇವೆ. ಮೊಬೈಲಿನ ನಕಾಶೆಯಲ್ಲೇ ತಪ್ಪು ತಿದ್ದಲು ಹೇಳುವ ಗುಂಡಿ ಇರುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂದು ಇನ್ನೊಂದಿದೆ, 2004ರಲ್ಲಿ ಶುರುವಾದದ್ದು, ಅದನ್ನು ಯಾರು ಬೇಕಾದರೂ ಕೂತು ತಿದ್ದಬಹುದು, ಕನ್ನಡದಲ್ಲಿ ಒಂದು ಹೆಸರು, ಮರಾಠಿಯಲ್ಲಿ ಒಂದು ಹೆಸರು ಎರಡೂ ಬರೆಯಬಹುದು. ನೆಟ್ ಇಲ್ಲದೆ ನಡೆಯುವ ಕೆಲವು ನಕಾಶೆಗಳು ಅದರ ಮೇಲೇ ನಿಂತಿವೆ.

ಚಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನ ಜಾತ್ರೆ. ವಿಜಾಪುರ, ಬಾಗಲಕೋಟೆ ಕಡೆಯಿಂದ ನಡೆದು ಬರುವವರು ಬರುತ್ತಾರೆ, ಈಗೀಗ ಗಾಡಿಗಳೂ ಬಹಳ. ಅದರೊಳಗೆ ವಾಚನಾಲಯದಲ್ಲಿ ಮೂರು ಆದಿತ್ಯವಾರ ಕೂಡೋಣ. ಮಾಸ್ತರರು, ಬಾಯಾರು ಮೊಬೈಲು ತಗೊಂಡು ಬರಲಿ. ಹಿರಿಯರು ಊರು, ಹಳ್ಳ, ಸೇತುವೆ, ಬಂಡಿ ದಾರಿಯ ಹೆಸರು ಹೇಳಲಿ. ಸಾಲಿಯನ್ನು ಗೌಡರ ದ್ರಾಕ್ಷಿ ತೋಟದಿಂದ ಎಬ್ಬಿಸಿ ತಂದು ಅದರ ಜಾಗದಲ್ಲಿ ಕೂಡಿಸುವ ಕೆಲಸ ಮೊದಲು. ಚಹಾದ ಖರ್ಚು ನನ್ನದು.