ಇಸಿಜಿ ನಾರ್ಮಲ್ ಬಂತಲ್ಲ, ಇನ್ನೇನು?

ನಮ್ಮ ವಾರಗಿತ್ತಿ ವಿಷಯ ನಿಮಗೆ ಅರ್ಧ ಗೊತ್ತೈತೆ, ಪೂರ್ತಿ ಹೇಳ್ತೀನಿ ಕೇಳ್ರಿ. ಅಡಿಕೆ ಸುಲಿಯೋ ಟೈಮು. ಎರಡು ದಿನದಿಂದ ಬೆನ್ನು ಹಿಡ್ಕಂಡೈತೆ, ದವಡೆ ನೋಯ್ತೈತೆ ಅಂತಿದ್ಲು. ನಾವೆಲ್ಲ ಸೇರಿ ಡಾಕ್ಟ್ರಾದ್ವಿ. ಒಬ್ರು ಓಂಕಾಳು ಅಗಿ ಅಂದ್ರು, ಒಬ್ರು ಸೋಡಾ ತರಿಸಿದ್ರು, ನಾನು ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟೆ. ಮೂರನೇ ದಿನ ಬೆವರಿ ಸೀರೆ ಒದ್ದೆಯಾದಾಗ್ಲೇ ನಮಗೆ ಆಸ್ಪತ್ರೆ ನೆನಪಾಗಿದ್ದು.

ಇಸಿಜಿ ನಾರ್ಮಲ್ ಬಂತು. "ನಾನು ಹೇಳ್ಲಿಲ್ವಾ, ಗ್ಯಾಸು" ಅಂತ ಭಾವ ಎದ್ದೇಬಿಟ್ರು. ಡಾಕ್ಟ್ರು ಬಿಡ್ಲಿಲ್ಲ, ರಕ್ತ ತಗೊಂಡು ಟ್ರೋಪೋನಿನ್ ನೋಡಿದ್ರು, ಕೆಲವು ತಾಸು ಬಿಟ್ಟು ಮತ್ತೆ ನೋಡಿದ್ರು. ಎರಡನೇ ಸಲ ಜಾಸ್ತಿ ಬಂದಿತ್ತು. ಹೃದಯದ ಸ್ನಾಯುಗೆ ಏಟು ಬಿದ್ರೆ ಅದು ರಕ್ತಕ್ಕೆ ಸೇರ್ತೈತಂತೆ. ರಾತ್ರಿನೇ ದಾವಣಗೆರೆಗೆ ಕರ್ಕಂಡು ಹೋಗಿ, ಆಂಜಿಯೋಗ್ರಾಮ್ ಮಾಡ್ಸಿ, ಸ್ಟೆಂಟ್ ಹಾಕ್ಸಿದ್ವಿ.

ಆವತ್ತಿಂದ ನನಗೆ ಒಂದು ಮಾತು ತಲೇಲಿ ಕೂತೈತೆ. ಇಸಿಜಿ ತೆಗೆದಾಗ ಆ ನಿಮಿಷದ ಹೃದಯದ ಕರೆಂಟ್ ಹೆಂಗೈತೆ ಅಂತ ತೋರಿಸ್ತೈತೆ, ಅಷ್ಟೇ. ನಾಳೆದೂ ಹೇಳಲ್ಲ, ರಕ್ತನಾಳದೊಳಗೆ ಎಷ್ಟು ಕಟ್ಕಂಡೈತೆ ಅಂತಾನೂ ಹೇಳಲ್ಲ. 2025ರ ಜುಲೈನಲ್ಲಿ ಹಾಸನದ ಸುದ್ದಿ ಕೇಳಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಮುಗಿಬಿದ್ದಿದ್ದನ್ನ ಟಿವೀಲಿ ನೋಡಿದ್ವಲ್ಲ. ಏನೂ ಇಲ್ಲದೋರು ಕ್ಯೂ ನಿಂತು ಚೀಟಿ ತಗೊಂಡು ನಿರಾಳ ಆಗ್ತಾರೆ. ನೋವಿರೋ ಹೆಂಗಸು ಮಾತ್ರ ಮನೇಲಿ ಓಂಕಾಳು ಅಗಿತಾ ಕೂತಿರ್ತಾಳೆ. ನನಗೆ ಸಿಟ್ಟು ಬರೋದು ಇಲ್ಲೇ.

ಎಕೋದಲ್ಲಿ ಹೃದಯ ಎಷ್ಟು ಜೋರಾಗಿ ರಕ್ತ ದೂಡ್ತೈತೆ, ಕವಾಟ ಹೆಂಗವೆ ಅಂತ ಕಾಣ್ತೈತೆ. ಹೊಟ್ಟೆ ಸ್ಕ್ಯಾನಿಂಗ್ ಥರಾನೇ, ನೋವಿಲ್ಲ. ಟಿಎಂಟಿ ಅಂದ್ರೆ ಓಡೋ ಪಟ್ಟಿ ಮೇಲೆ ನಡೆಸಿ ನೋಡೋದು. ಎದೆನೋವು ಇರುವಾಗ ಅದನ್ನ ಮಾಡಲ್ಲ, ನೋವು ಇಳಿದ ಮೇಲೆ ಬೇಕಾ ಬೇಡ್ವಾ ಅಂತ ಡಾಕ್ಟ್ರು ಹೇಳ್ತಾರೆ. ಅದಕ್ಕೆ ಹೋಗುವಾಗ ಚೂಡಿದಾರ್ ಹಾಕ್ಕಳ್ರಿ, ಸೀರೇಲಿ ಆಗಲ್ಲ. ಅದಿರಲಿ, ಬಿಪಿ, ಶುಗರ್, ಕೊಲೆಸ್ಟ್ರಾಲ್ ವರ್ಷಕ್ಕೊಮ್ಮೆ ನೋಡ್ಸೋಕೆ ಗಂಡಂದಿರನ್ನ ಕಳಿಸ್ತೀವಿ, ನಾವು ಹೋಗ್ತೀವಾ? ಮುಟ್ಟು ನಿಂತ ಮೇಲೆ ನಮಗೂ ಹೃದಯದ ಕಾಟ ಜಾಸ್ತಿ ಅಂತಾರೆ.

ಇನ್ನೊಂದು ನಾಚಿಕೆ ವಿಷಯ. ಇಸಿಜಿಗೆ ಕುಪ್ಪಸ ಬಿಚ್ಚಬೇಕಲ್ಲ ಅಂತ ಎಷ್ಟೋ ಜನ ಮುಂದೂಡ್ತಾರೆ. ಹೆಂಗಸರು ಸಿಸ್ಟರನ್ನ ಕರೀರಿ ಅಂತ ಬಾಯಿಬಿಟ್ಟು ಕೇಳಿ, ಮೇಲೆ ಹೊದ್ಕೊಳಾಕೆ ಬಟ್ಟೆ ಕೇಳಿ. ಐದು ನಿಮಿಷದ ಕೆಲಸ.

ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಎಷ್ಟೋ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ದೊಡ್ಡ ಡಾಕ್ಟ್ರಿಗೆ ಕಳಿಸಿ ತೋರಿಸ್ತಾರೆ, ರಕ್ತದ ಗಡ್ಡೆ ಕರಗಿಸೋ ದುಬಾರಿ ಇಂಜೆಕ್ಷನ್ನೂ ಪುಕ್ಕಟೆ. ಬೆನ್ನು, ದವಡೆ, ತೋಳು, ಉಸಿರು ಕಟ್ಟೋದು, ಕಾರಣ ಇಲ್ಲದ ಬೆವರು, ಇವು ಬಂದ್ರೆ ಗಂಡನ ಬೈಕಿಗೆ ಕಾಯದೆ 108ಕ್ಕೆ ಫೋನ್ ಮಾಡಿ.

ನಮ್ಮ ವಾರಗಿತ್ತಿ ಆ ನಾರ್ಮಲ್ ಇಸಿಜಿ ಕಾಗದಾನ ರೇಷನ್ ಕಾರ್ಡ್ ಜೊತೆ ಕವರಿನಾಗೆ ಇಟ್ಕಂಡಿದಾಳೆ. ಮುಂದೆ ಇನ್ನೊಂದು ತೆಗೆದಾಗ ಹಳೇದು ಪಕ್ಕ ಇಟ್ಟು ನೋಡೋಕೆ ಡಾಕ್ಟ್ರೇ ಕೇಳಿದಾರಂತೆ.